ಎಳ್ಳ ಅಮವಾಸ್ಯೆಗೆ ಒಂದು ರಜೆ ಎತ್ತಿಡಿ

ಆಫೀಸಿನ ರಜಾಪಟ್ಟಿಯಲ್ಲಿ ಕ್ರಿಸ್‌ಮಸ್ ಇದೆ, ಸಂಕ್ರಾಂತಿ ಇದೆ. ಇವುಗಳ ಆಸುಪಾಸಿನಲ್ಲೇ ಬರುವ ಎಳ್ಳ ಅಮವಾಸ್ಯೆ ಇಲ್ಲ. ಹೊಸ ಕ್ಯಾಲೆಂಡರ್ ಬಂದ ಕೂಡಲೇ ನಾನು ಮೊದಲು ಗುರುತು ಹಾಕೋದು ಅದಕ್ಕೇ.

ನಮ್ಮ ಅಣ್ಣಿಗೇರಿಯ ಎರಿ ಹೊಲದಲ್ಲಿ ಆಗ ಹಿಂಗಾರಿ ಜೋಳ, ಕಡ್ಲಿ ನಿಂತಿರುತ್ತೆ. ಬಸುರಿ ಭೂತಾಯಿಗೆ ಬಯಕೆಯ ಊಟ ಅಂತಾರೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ. ಆಮೇಲೆ ಚರಗ: ಒಬ್ಬರು ಕೂಗುತ್ತಾ ಹೊಲದ ತುಂಬ ಅನ್ನ, ಕಡುಬು ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸಬೇಕು. ಬೆಂಗಳೂರಲ್ಲಿ ಹುಟ್ಟಿದ ನನ್ನ ಐದು ವರ್ಷದ ಮಗಳಿಗೆ ನೀರಿನ ತಂಬಿಗೆ ಕಾಯಂ. ಸಜ್ಜಿ ರೊಟ್ಟಿ ಮುಟ್ಟಲ್ಲ, ಶೇಂಗಾ ಹೋಳಿಗೆ ಬಿಡಲ್ಲ. ಇರಲಿ. ಮಕ್ಕಳಿಗೆ ಹಬ್ಬ ವಿವರಿಸೋದಕ್ಕಿಂತ ಒಂದು ಕೆಲಸ ಕೊಡೋದು ಮೇಲು.

ಈ ಸಲ ಅಪ್ಪನ ಮೊಣಕಾಲು ಸೋತು, ಹೊಲ ಲಾವಣಿಗೆ ಹೋಯ್ತು. ಬೆಳೆ ಬೇರೆಯವರದು, ಇನ್ನು ಚರಗ ಯಾಕೆ ಅಂತ ಅಪ್ಪನೇ ಅಂದರು. ಮಗಳು ಫೋನಿನಲ್ಲಿ, "ಅಜ್ಜಾ, ನೀರು ಯಾರು ಹಾಕ್ತಾರೆ?" ಅಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಲಾವಣಿ ಹಿಡಿದವರಿಗೆ ಫೋನ್ ಹಚ್ಚಿದರು. "ಬರ್ರಿ ಯಜಮಾನ್ರ, ನಮ್ದೂ ಬುತ್ತಿ ಇರತೈತಿ" ಅಂದರಂತೆ.

ಎರಡೂ ಮನೆಯ ಬುತ್ತಿ ಒಂದೇ ಗಿಡದ ನೆರಳಲ್ಲಿ ಬಿಚ್ಚಿದೆವು. ಅವರ ಹುಡುಗ ತಂಬಿಗೆಗೆ ಜಗಳ ತೆಗೆದ. ಮುಂದಿನ ವರ್ಷ ಎರಡು ಒಯ್ಯಬೇಕು.