ಬದುಕಿರುವವರ ಶ್ರಾದ್ಧ: ‘ಘಟಶ್ರಾದ್ಧ’ ಮತ್ತು ‘ತಿಥಿ’

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹಾಗೂ ರಾಮ್ ರೆಡ್ಡಿಯವರ ‘ತಿಥಿ’ (2015) ಚಿತ್ರಗಳ ನಡುವೆ ಸುಮಾರು ನಾಲ್ಕು ದಶಕಗಳ ಅಂತರವಿದೆ. ಮೊದಲನೆಯದು ಕಪ್ಪು-ಬಿಳುಪಿನ ದುರಂತ. ಎರಡನೆಯದು ನಗೆಯುಕ್ಕಿಸುವ ಮಂಡ್ಯ ಸೀಮೆಯ ಕಥನ. ಆದರೂ ಬದುಕಿರುವವರನ್ನು ಸತ್ತವರೆಂದು ಸಾರುವ ಕ್ರೌರ್ಯ ಎರಡರಲ್ಲಿಯೂ ಇದೆ.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ದಲ್ಲಿ, ಗರ್ಭಿಣಿಯಾದ ವಿಧವೆ ಯಮುನಕ್ಕನಿಗೆ ತಂದೆ ಉಡುಪರೇ ಶ್ರಾದ್ಧ ಮಾಡುತ್ತಾರೆ. ಮಡಕೆ ಒಡೆದೊಡನೆ ಆಕೆ ಕುಲದ ಪಾಲಿಗೆ ಸತ್ತಂತೆ. ‘ತಿಥಿ’ಯಲ್ಲಿ ಜಮೀನು ಮಾರುವ ಆತುರದ ತಮ್ಮಣ್ಣ, ಜೀವಂತವಿರುವ ತಂದೆ ಗಡ್ಡಪ್ಪನ ಹೆಸರಿನಲ್ಲಿ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ಅಲ್ಲಿ ಶಾಸ್ತ್ರ ಮಾಡಿದ್ದನ್ನು ಇಲ್ಲಿ ಕಾಗದ ಮಾಡುತ್ತದೆ.

ಭೇದವಿರುವುದು ಪರಿಣಾಮದಲ್ಲಿ. ಆಸ್ತಿಯ ಹಂಗಿಲ್ಲದ ಗಡ್ಡಪ್ಪ ಕಾಗದದಲ್ಲಿ ಸತ್ತರೂ ಕುರಿಗಾಹಿಗಳೊಡನೆ ನಿಶ್ಚಿಂತೆಯಿಂದ ಕಾಲ ಕಳೆಯುತ್ತಾನೆ. ತಲೆ ಬೋಳಿಸಿಕೊಂಡು ಒಂಟಿಯಾಗಿ ಕುಳಿತ ಯಮುನಕ್ಕನಿಗೆ ಹೋಗಲು ದಾರಿಯೇ ಇಲ್ಲ. ಬಾಲಕ ನಾಣಿಯ ಕಣ್ಣಿನಲ್ಲಿ ಉಳಿಯುವುದು ಆ ನೋಟವೇ.

ಆದುದರಿಂದ ‘ತಿಥಿ’ಯ ನಗೆಯ ಹಿಂದೆ ಗಂಡಸಿಗಿರುವ ಅಲೆದಾಟದ ಸ್ವಾತಂತ್ರ್ಯವೂ ಇದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಡ್ಡಪ್ಪನ ಸ್ಥಾನದಲ್ಲಿ ಒಬ್ಬ ಮುದುಕಿಯಿದ್ದಿದ್ದರೆ ಪ್ರೇಕ್ಷಕರು ಹೀಗೆಯೇ ನಗುತ್ತಿದ್ದರೇ? ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡಿದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.