ಕುರಿಮರಿಗೆ ಹುಲ್ಲುಗಾವಲೇ, ಕಾಳಿನ ಮೇವೇ?

ಕೋಲ್ಕತ್ತದಲ್ಲಿ ‘ಮಟನ್’ ಎಂದರೆ ಸಾಮಾನ್ಯವಾಗಿ ಆಡಿನ ಮಾಂಸ. ಕುರಿಗೆ ಇಲ್ಲಿ ನಮ್ಮ ಕಡೆಯಷ್ಟು ಮನ್ನಣೆಯಿಲ್ಲ. ಆದರೂ ನಗರದ ದಕ್ಷಿಣಕ್ಕಿರುವ ಸುಂದರಬನದ ಗ್ಯಾರೋಲ್ ಕುರಿ ಕನ್ನಡನಾಡಿನ ಕುರಿಹಟ್ಟಿಗೂ ಬಂಧು. ಕೇವಲ 10-15 ಕಿಲೋ ತೂಗುವ ಈ ಕುರಿ ಒಂದೇ ಸೂಲಿಗೆ ಎರಡು, ಕೆಲವೊಮ್ಮೆ ಮೂರು ಮರಿ ಹಾಕುತ್ತದೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯು ಆ ಗುಣವನ್ನು ದಖ್ಖನಿ ಕುರಿಗೆ ತಂದು ರೂಪಿಸಿದ ‘ನಾರಿ ಸುವರ್ಣ’ವನ್ನು ಕರ್ನಾಟಕದಲ್ಲಿಯೂ ಸಾಕುತ್ತಾರೆ.

ಮೇವಿನ ಪ್ರಶ್ನೆ ಏಳುವುದು ಇಲ್ಲಿಯೇ. ಗ್ಯಾರೋಲ್ ಜೌಗು ಗದ್ದೆಯಲ್ಲಿ ಮೇಯ್ದೇ ಬದುಕಬಲ್ಲದು. ಬಯಲಿನ ಮೇವು ಅಗ್ಗ. ಆದರೆ ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ತಾಯಿಯ ಹಾಲು ತಗ್ಗುತ್ತದೆ. ಒಂಟಿ ಮರಿ ಹೇಗೋ ಉಳಿದೀತು, ಅವಳಿಗಳಲ್ಲಿ ದುರ್ಬಲವಾದದ್ದು ಸಾಯುತ್ತದೆ. ಆದುದರಿಂದ ಕಾಳು ಮೊದಲು ಸಲ್ಲಬೇಕಾದದ್ದು ಸಂತೆಗೆ ಕೊಬ್ಬಿಸುವ ಟಗರಿಗಲ್ಲ, ಅವಳಿ ಈದ ತಾಯಿಗೆ ಮತ್ತು ಆ ಮರಿಗಳಿಗೆ ಎಂಬುದು ನಮ್ಮ ಅಭಿಪ್ರಾಯ.

ಮೆಕ್ಕೆಜೋಳ, ಹುರುಳಿ, ಕಡಲೆಕಾಯಿ ಹಿಂಡಿಯಿಂದ ಮರಿಗಳು ಬೇಗ ತೂಕ ಪಡೆಯುವುದು ನಿಜ. ಆದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ನಾರಿಗೆ ಹೊಂದಿಕೊಂಡದ್ದು. ಅಭ್ಯಾಸವಿಲ್ಲದ ಮರಿಗೆ ಒಮ್ಮೆಲೇ ಹೆಚ್ಚು ಕಾಳು ತಿನ್ನಿಸಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಸಾವೂ ಸಂಭವಿಸಬಹುದು. ಒಣಹುಲ್ಲಿನೊಡನೆ ಹಿಡಿಯಷ್ಟರಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು. ಕಾಳು ಕೊಳ್ಳಲಾಗದವರಿಗೆ ಸೊಪ್ಪಿದೆ. ಮಂಡ್ಯದ ಕಡೆ ರೇಷ್ಮೆಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು ಕುರಿಗಳ ಪಾಲಾಗುತ್ತದೆ. ಕಾಸು ಖರ್ಚಿಲ್ಲದ ಒಳ್ಳೆಯ ಪೌಷ್ಟಿಕ ಆಹಾರವದು.