ವೆಬ್‌ಸೈಟ್ ನಿಮ್ಮದೇ ಸರಿ, ಉತಾರ ಯಾರ ಹೆಸರಲ್ಲಿದೆ?

ಹುಬ್ಬಳ್ಳಿಯಲ್ಲಿ ಎರಡು ಗುಂಟೆ ಜಾಗ ಕೊಳ್ಳುವವರೂ ಮೊದಲು ಉತಾರ ನೋಡುತ್ತಾರೆ. ಮಾರುವವರು ಸ್ವಂತ ಮಾವನೇ ಆಗಿರಲಿ, ಉತಾರ ನೋಡದೆ ಮುಂಗಡ ಕೊಡುವುದಿಲ್ಲ. ಅದೇ ಜನರನ್ನು ‘ನಿಮ್ಮ ವೆಬ್‌ಸೈಟ್ ಯಾರ ಹೆಸರಿನಲ್ಲಿದೆ?’ ಅಂತ ಕೇಳಿ ನೋಡಿ. ‘ನಮ್ಮ ಅಂಗಡಿ ಹೆಸರಿನಾಗೇ ಐತ್ರಿ’ ಅನ್ನುತ್ತಾರೆ. ಲಾಗಿನ್ ಯಾರ ಹತ್ತಿರ ಇದೆ? ‘ಅದನ್ನೆಲ್ಲ ಒಬ್ಬ ಹುಡುಗ ನೋಡ್ಕೊಂತಾನ್ರಿ.’ ಆ ಹುಡುಗ ಈಗ ಎಲ್ಲಿದ್ದಾನೆ? ‘ಬೆಂಗಳೂರಾಗ ನೌಕರಿ ಸಿಕ್ತು, ಹೋದ.’

ಕೊಪ್ಪಿಕರ ರಸ್ತೆಯ ಅಂಗಡಿಗಳಿಂದ ಗೋಕುಲ ರಸ್ತೆಯ ಕಾರ್ಖಾನೆಗಳವರೆಗೆ ಈ ಮಾತು ನನಗೆ ಎಷ್ಟೋ ಸಲ ಸಿಕ್ಕಿದೆ. ಇದರಲ್ಲಿ ಆ ಹುಡುಗನ ಮೋಸವೇನೂ ಇರಬೇಕಾಗಿಲ್ಲ. ಕಡಿಮೆ ದುಡ್ಡಿಗೆ ಕೆಲಸ ಮಾಡಿಕೊಟ್ಟಿರುತ್ತಾನೆ. ಮಾಲೀಕರು ‘ನಮಗೇನೂ ತಿಳಿಯಂಗಿಲ್ಲಪ್ಪ, ನೀನೇ ಮಾಡ್ಬಿಡು’ ಅಂದಿರುತ್ತಾರೆ. ಅವನು ತನ್ನ ಇಮೇಲ್, ತನ್ನ ಮೊಬೈಲ್ ನಂಬರ್ ಹಾಕಿ ಎಲ್ಲ ಮುಗಿಸಿರುತ್ತಾನೆ. ತೊಂದರೆ ಗೊತ್ತಾಗುವುದು ಮೂರ್ನಾಲ್ಕು ವರ್ಷದ ಮೇಲೆ, ಒಂದು ಬೆಳಿಗ್ಗೆ ಸೈಟ್ ತೆರೆಯದೇ ಹೋದಾಗ.

ನಾವು ‘ವೆಬ್‌ಸೈಟ್’ ಅಂತ ಒಂದೇ ಮಾತಿನಲ್ಲಿ ಕರೆಯುವುದು ಅಸಲಿಗೆ ನಾಲ್ಕು ಬೇರೆ ಬೇರೆ ವಸ್ತು: ಡೊಮೇನ್ ಹೆಸರು, ಹೋಸ್ಟಿಂಗ್, ಇಮೇಲ್, ಸರ್ಚ್. ಮೊದಲನೆಯದು ಜಾಗದ ಉತಾರ ಇದ್ದಂತೆ. ಎರಡನೆಯದು ಬಾಡಿಗೆ ಮಳಿಗೆ. ಮೂರನೆಯದು ಟಪಾಲು. ನಾಲ್ಕನೆಯದು ಊರವರಿಗೆ ನಿಮ್ಮ ಅಂಗಡಿ ಎಲ್ಲಿದೆ ಅಂತ ಗೊತ್ತಿರುವುದು. ನಾಲ್ಕನ್ನೂ ಒಬ್ಬರಿಗೇ ವಹಿಸಬಹುದು. ಆದರೆ ಮೊದಲನೆಯದರ ಕೀಲಿ ಮಾತ್ರ ನಿಮ್ಮ ಗಲ್ಲಾಪೆಟ್ಟಿಗೆಯಲ್ಲೇ ಇರಬೇಕು.

ಹೆಸರು: ಬಿಟ್ಟುಕೊಡಬಾರದ ವಸ್ತು

ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ನೋಂದಾಯಿಸುತ್ತೇವೆ, ಒಮ್ಮೆಗೆ ಗರಿಷ್ಠ 10 ವರ್ಷ. ‘ಡಾಟ್ ಇನ್’ ಹೆಸರುಗಳ ಮೂಲ ದಾಖಲೆ ಇರುವುದು 2003ರಲ್ಲಿ ಸ್ಥಾಪನೆಯಾದ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ ಸುಪರ್ದಿಯಲ್ಲಿ. ‘ಡಾಟ್ ಕಾಂ’ ದಾಖಲೆ ಅಮೆರಿಕದ ವೆರಿಸೈನ್ ಕಂಪನಿಯ ಬಳಿ. ನಾವು ವ್ಯವಹರಿಸುವುದು ನಡುವಿನ ರಿಜಿಸ್ಟ್ರಾರ್ ಕಂಪನಿಗಳ ಜೊತೆ. ಅಲ್ಲಿನ ಖಾತೆ ಯಾರ ಇಮೇಲ್‌ನಲ್ಲಿದೆಯೋ ಹೆಸರು ವ್ಯವಹಾರದಲ್ಲಿ ಅವರ ಕೈಯಲ್ಲಿ.

ಡಾಟ್ ಕಾಂ ಹೆಸರಿನ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ರಿಜಿಸ್ಟ್ರಾರ್ ನೆನಪೋಲೆ ಕಳಿಸಲೇಬೇಕು ಅನ್ನುವುದು ಐಕ್ಯಾನ್ ನಿಯಮ. ಓಲೆ ಬರುತ್ತದೆ, ಆದರೆ ಖಾತೆಯಲ್ಲಿರುವ ಇಮೇಲ್‌ಗೆ. ಅದು ಬೆಂಗಳೂರಿಗೆ ಹೋದ ಹುಡುಗನ ಹಳೇ ಕಾಲೇಜು ಇಮೇಲ್ ಆಗಿದ್ದರೆ ನಿಮಗೆ ಸುದ್ದಿಯೇ ಇಲ್ಲ.

ಅವಧಿ ಮುಗಿದ ತಕ್ಷಣ ಹೆಸರು ಹೋಗಿಬಿಡುವುದಿಲ್ಲ. ಡಾಟ್ ಕಾಂ ಹೆಸರಿಗೆ ರಿಜಿಸ್ಟ್ರಾರ್ ಕೊಡುವ ಹೆಚ್ಚುವರಿ ದಿನಗಳು ಗರಿಷ್ಠ 45. ಅಷ್ಟೂ ದಿನ ಕೊಡಬೇಕೆಂಬ ಕಡ್ಡಾಯವಿಲ್ಲ, ಕೆಲವರು ಈ ಅವಧಿಯಲ್ಲೇ ಹೆಸರನ್ನು ಹರಾಜಿಗಿಡುತ್ತಾರೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ಅದೂ ದಾಟಿದರೆ ಇನ್ನೈದು ದಿನಕ್ಕೆ ಹೆಸರು ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ನಿಮ್ಮ ಬೋರ್ಡು, ಬಿಲ್ಲು, ಪೇಡೆ ಡಬ್ಬಿಯ ಮೇಲೆ ಅಚ್ಚಾದ ಹೆಸರು ಇನ್ಯಾರದೋ ಜಾಹೀರಾತು ತೋರಿಸತೊಡಗುತ್ತದೆ.

ವಿವಾದಕ್ಕೆ ದಾರಿ ಇದೆ. ಡಾಟ್ ಇನ್ ಹೆಸರುಗಳಿಗೆ ನಿಕ್ಸಿಯೇ ಮಧ್ಯಸ್ಥಿಕೆ ವ್ಯವಸ್ಥೆ ಇಟ್ಟಿದೆ. ಆದರೆ ಅಲ್ಲಿ ಆ ಹೆಸರಿನ ಮೇಲೆ ನಿಮಗೆ ಟ್ರೇಡ್‌ಮಾರ್ಕ್‌ನಂಥ ಹಕ್ಕಿದೆ, ಎದುರಿನವರ ಉದ್ದೇಶ ಸರಿಯಿಲ್ಲ ಅಂತ ತೋರಿಸಬೇಕು. ‘ಹುಡುಗ ಫೋನ್ ಎತ್ತವಲ್ಲ’ ಅನ್ನುವುದು ಅಲ್ಲಿ ಸಾಲುವುದಿಲ್ಲ. ಹಾಗಾಗಿ ಮಾತುಕತೆ ಚೆನ್ನಾಗಿರುವಾಗಲೇ ಕೇಳಿಬಿಡಿ: ‘ಅದೇ ರಿಜಿಸ್ಟ್ರಾರ್‌ನಲ್ಲಿ ನಾನೊಂದು ಖಾತೆ ತೆರೀತೀನಿ, ಡೊಮೇನ್ ಅದಕ್ಕೆ ವರ್ಗ ಮಾಡಪ್ಪ.’ ಸಾಮಾನ್ಯವಾಗಿ ಹತ್ತು ನಿಮಿಷದ ಕೆಲಸ.

ಖಾತೆ ತೆರೆಯುವಾಗ ಒಂದು ಎಚ್ಚರ. ಅದಕ್ಕೆ ಅದೇ ಡೊಮೇನ್‌ನ ಇಮೇಲ್ ಕೊಡಬೇಡಿ. ಹೆಸರು ನಿಂತ ದಿನ ಆ ಇಮೇಲ್ ಕೂಡ ನಿಲ್ಲುತ್ತದೆ. ಆಗ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರಬೇಕಾದ ಪೆಟ್ಟಿಗೆಗೇ ಬೀಗ ಬಿದ್ದಿರುತ್ತದೆ.

ಹೋಸ್ಟಿಂಗ್: ಬದಲಾಯಿಸಬಹುದಾದ ಮಳಿಗೆ

ನಮ್ಮ ರೈಲು ನಿಲ್ದಾಣಕ್ಕೆ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು, ಆದರೆ ಟಿಕೆಟ್ ಕೋಡ್ ‘ಯುಬಿಎಲ್’ ಹಾಗೇ ಉಳಿಯಿತು. ಇಂಟರ್ನೆಟ್‌ನಲ್ಲಿ ಇದು ಉಲ್ಟಾ. ಹೆಸರು ಅದೇ ಇರುತ್ತದೆ, ಅದರ ಹಿಂದಿನ ಸರ್ವರ್ ಸಂಖ್ಯೆ ಬದಲಾಗಬಹುದು. ಯಾವ ಹೆಸರಿಗೆ ಯಾವ ಸಂಖ್ಯೆ ಅಂತ ಹೇಳುವ ಪಟ್ಟಿಯೇ ಡಿಎನ್‌ಎಸ್. ಇಂಜಿನಿಯರಿಂಗ್‌ನಲ್ಲಿ ಪರೀಕ್ಷೆಗೆಂದು ಓದಿ ಮರೆತುಬಿಡುವ ಈ ಪಾಠದ ಲಾಭ ಅಂಗಡಿಯವರಿಗೆ ಹೆಚ್ಚು. ಹೆಸರು ನಿಮ್ಮ ಕೈಲಿದ್ದರೆ ಹೋಸ್ಟಿಂಗ್ ಕಂಪನಿ ಹಿಡಿಸದಿದ್ದಾಗ ಸೈಟನ್ನು ಬೇರೆ ಕಡೆಗೆ ಒಯ್ಯಬಹುದು, ಗಿರಾಕಿಗೆ ಗೊತ್ತೂ ಆಗುವುದಿಲ್ಲ.

ಅದಕ್ಕೆ ಬೇಕಾದದ್ದು ಸೈಟಿನ ಬ್ಯಾಕಪ್ ಪ್ರತಿ. ಅದು ಹೋಸ್ಟಿಂಗ್ ಕಂಪನಿಯ ಬಳಿ ಮಾತ್ರ ಇದ್ದರೆ ಸಾಲದು, ನಿಮ್ಮ ಹಾರ್ಡ್‌ಡಿಸ್ಕಿನಲ್ಲೂ ಇರಲಿ. ಬೆಲೆ ನೋಡುವಾಗ ಮೊದಲ ವರ್ಷದ ದರಕ್ಕೆ ಮರುಳಾಗದೆ ನವೀಕರಣದ ದರ ಕೇಳಿ. ವಿಳಾಸದ ಪಕ್ಕದಲ್ಲಿ ‘ಸುರಕ್ಷಿತವಲ್ಲ’ ಅಂತ ಬಾರದಂತೆ ತಡೆಯುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ವಿಚಾರಿಸಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ.

ಇಮೇಲ್: ಸದ್ದಿಲ್ಲದೆ ಆಗುವ ನಷ್ಟ

ಸೈಟ್ ಬಿದ್ದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಇಮೇಲ್ ನಿಂತರೆ ‘ಈ ವಾರ ಯಾಕೋ ಎನ್‌ಕ್ವೈರಿ ಕಡಿಮೆ’ ಅಂದುಕೊಂಡು ಸುಮ್ಮನಿರುತ್ತೇವೆ. ತಾರಿಹಾಳದ ಸಣ್ಣ ಕಾರ್ಖಾನೆಯೊಂದಕ್ಕೆ ಪುಣೆಯಿಂದ ಕೊಟೇಶನ್ ಕೇಳಿ ಬಂದ ಒಂದು ಮೇಲ್ ತಪ್ಪಿದರೆ ಆಗುವ ನಷ್ಟ ವೆಬ್‌ಸೈಟಿನ ಐದು ವರ್ಷದ ಖರ್ಚಿಗಿಂತ ದೊಡ್ಡದಿರಬಹುದು.

ಹೀಗಾಗಲು ಸಾಮಾನ್ಯ ಕಾರಣ ಒಂದಿದೆ. ಡಿಎನ್‌ಎಸ್ ಪಟ್ಟಿಯಲ್ಲಿ ಸೈಟ್ ಎಲ್ಲಿದೆ ಅನ್ನುವ ಸಾಲು ಬೇರೆ, ಟಪಾಲು ಎಲ್ಲಿಗೆ ಹೋಗಬೇಕು ಅನ್ನುವ ಸಾಲು ಬೇರೆ. ಎರಡನೆಯದಕ್ಕೆ ಎಂಎಕ್ಸ್ ದಾಖಲೆ ಅನ್ನುತ್ತಾರೆ. ಹೊಸ ಹೋಸ್ಟಿಂಗ್‌ಗೆ ಹೋಗುವಾಗ ಇಡೀ ಪಟ್ಟಿಯನ್ನೇ ಬದಲಿಸಿ ಎಂಎಕ್ಸ್ ಸಾಲು ಸೇರಿಸಲು ಮರೆತರೆ ಸೈಟ್ ಥಳಥಳ ಹೊಳೆಯುತ್ತಿರುತ್ತದೆ, ಟಪಾಲು ಮಾತ್ರ ಬರುವುದಿಲ್ಲ.

ನೀವು ಕಳಿಸಿದ ಕೊಟೇಶನ್ ಎದುರಿನವರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದು ಇನ್ನೊಂದು ತೊಂದರೆ. ನಿಮ್ಮ ಹೆಸರಿನಲ್ಲಿ ಯಾರು ಯಾರು ಟಪಾಲು ಕಳಿಸಬಹುದು ಎಂಬ ಪಟ್ಟಿಗೆ ಎಸ್‌ಪಿಎಫ್ ಅನ್ನುತ್ತಾರೆ. ಲಕೋಟೆಯ ಮೇಲಿನ ಮುದ್ರೆಯಂಥದ್ದು ಡಿಕಿಮ್. ಇವೆರಡೂ ಹೊಂದದ ಪತ್ರವನ್ನು ಏನು ಮಾಡಬೇಕು ಅಂತ ಹೇಳುವ ಸೂಚನೆ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಪರೀಕ್ಷೆ ಸುಲಭ: ಕಂಪನಿ ಇಮೇಲ್‌ನಿಂದ ನಿಮ್ಮದೇ ಜಿಮೇಲ್‌ಗೆ ಒಂದು ಪತ್ರ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು ‘ಶೋ ಒರಿಜಿನಲ್’ ಒತ್ತಿ. ಮೂರರ ಮುಂದೂ ‘ಪಾಸ್’ ಅಂತ ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಅದೇ ಪುಟದ ಚಿತ್ರ ತೆಗೆದು ನಿಮ್ಮ ಸೈಟ್ ನೋಡಿಕೊಳ್ಳುವವರಿಗೆ ಕಳಿಸಿ.

ಸರ್ಚ್: ಗೂಗಲ್‌ಗೆ ಓದಲು ಬರಬೇಕು

ಸರ್ಚ್‌ನಲ್ಲಿ ಕಾಣಿಸದ ಸೈಟುಗಳಿಗೆ ಮಾಂತ್ರಿಕರು ಬೇಕಾಗಿಲ್ಲ, ಮೊದಲು ಮೂರು ತಪಾಸಣೆ ಸಾಕು.

ಒಂದು, ಸೈಟ್ ತಯಾರಾಗುವಾಗ ‘ಸರ್ಚ್ ಎಂಜಿನ್‌ಗಳು ಬರಬೇಡಿ’ ಎಂಬ ಆಯ್ಕೆಗೆ ಟಿಕ್ ಹಾಕಿ, ಆಮೇಲೆ ತೆಗೆಯಲು ಮರೆತಿದ್ದಾರಾ? ವರ್ಡ್‌ಪ್ರೆಸ್‌ನಲ್ಲಿ ಇದು ಒಂದೇ ಒಂದು ಚೌಕ.

ಎರಡು, ಕನ್ನಡ ಪಠ್ಯ ಯೂನಿಕೋಡ್‌ನಲ್ಲಿದೆಯಾ? ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಅಂಟಿಸಿದರೆ ಸರ್ಚ್ ಎಂಜಿನ್‌ಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ಯಾಂಪ್ಲೆಟ್‌ನ ಚಿತ್ರ ಹಾಕಿ ಕೈತೊಳೆದುಕೊಂಡರೂ ಅದು ಪಠ್ಯದಂತೆ ಸರ್ಚ್‌ನಲ್ಲಿ ಸಿಗುವುದಿಲ್ಲ.

ಮೂರು, ಊರಿನ ಹೆಸರು. 2014ರ ನವೆಂಬರ್ 1ರಂದು ‘ಹುಬ್ಳಿ’ ಇಂಗ್ಲಿಷಿನಲ್ಲೂ ಅಧಿಕೃತವಾಗಿ ‘ಹುಬ್ಬಳ್ಳಿ’ ಆಯಿತು. ಹೊರಗಿನವರಲ್ಲಿ ಎಷ್ಟೋ ಜನ ಈಗಲೂ ಹಳೇ ಕಾಗುಣಿತದಲ್ಲೇ ಹುಡುಕುತ್ತಾರೆ. ವಿಳಾಸದ ಪುಟದಲ್ಲಿ ಎರಡೂ ರೂಪ ಒಂದೊಂದು ಸಲ ಇರಲಿ.

ಸ್ಥಳೀಯ ಗಿರಾಕಿಗೆ ಮ್ಯಾಪ್‌ನಲ್ಲಿ ಬರುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಸೈಟಿಗಿಂತ ಹೆಚ್ಚು ಉಪಯೋಗ. ಅದರ ಮುಖ್ಯ ಮಾಲೀಕರೂ ನೀವೇ ಆಗಿರಬೇಕು. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಅದೇ ಪ್ರೊಫೈಲ್ ಜೊತೆ ಗೂಗಲ್ ಉಚಿತವಾಗಿ ಕೊಟ್ಟಿದ್ದ ಪುಟ್ಟ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಲಾಯಿತು. ಪುಕ್ಕಟೆ ಸಿಕ್ಕ ವಿಳಾಸವನ್ನೇ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದವರು ಹೊಸ ವಿಳಾಸ ಹುಡುಕಬೇಕಾಯಿತು.

‘ಗೂಗಲ್‌ನಲ್ಲಿ ನಂಬರ್ ಒನ್ ಗ್ಯಾರಂಟಿ’ ಅಂತ ಬರುವ ಕರೆಗಳಿಗೆ ಗೂಗಲ್‌ನದ್ದೇ ಉತ್ತರ ಇದೆ: ಅಂಥ ಖಾತರಿ ಯಾರಿಂದಲೂ ಕೊಡಲಾಗದು.

ದೀಪಾವಳಿ ಪಾಡ್ಯಕ್ಕೆ ಹೊಸ ಕಿರ್ದಿ ಪುಸ್ತಕ ಪೂಜೆ ಮಾಡುವ ಪದ್ಧತಿ ನಮ್ಮ ಪೇಟೆಯಲ್ಲಿ ಇನ್ನೂ ಇದೆ. ಆ ಪುಸ್ತಕದ ಕೊನೇ ಹಾಳೆಯಲ್ಲಿ ಇಷ್ಟು ಬರೆದಿಡಿ: ಡೊಮೇನ್ ಯಾವ ರಿಜಿಸ್ಟ್ರಾರ್‌ನಲ್ಲಿದೆ, ಯಾವ ಇಮೇಲ್, ಯಾವ ಮೊಬೈಲ್, ಯಾವ ತಾರೀಖಿಗೆ ಮುಗಿಯುತ್ತದೆ, ಹೋಸ್ಟಿಂಗ್ ಎಲ್ಲಿದೆ, ಟಪಾಲು ಎಲ್ಲಿಗೆ ಬರುತ್ತದೆ, ಬಿಸಿನೆಸ್ ಪ್ರೊಫೈಲ್ ಯಾರ ಖಾತೆಯಲ್ಲಿದೆ. ಪಾಸ್‌ವರ್ಡ್ ಬರೆಯಬೇಡಿ, ಅದು ಬೇರೆ ಕಡೆ ಇರಲಿ. ಈ ಸಾಲುಗಳಲ್ಲಿ ಯಾವುದಾದರೂ ಖಾಲಿ ಉಳಿದರೆ ಅಂದೇ ಆ ಹುಡುಗನಿಗೆ ಫೋನ್ ಮಾಡಿ. ಹಬ್ಬಕ್ಕೆ ಊರಿಗೆ ಬಂದಿರುತ್ತಾನೆ.